ಹೆಬ್ಬೆರಳು ಬಾಗಿತಾ ಅಂತ ಎಣಿಸಿದ್ದು ಸಾಕು, ನೋವಿದೆಯಾ ಅಂತ ಕೇಳ್ರೀ

ಇವತ್ತು ಸ್ವಲ್ಪ ಜಗಳ ಆಡುವ ಮೂಡಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಮಾವಿನಕಾಯಿ ಚಿತ್ರಾನ್ನ, ಮೊದಲ ಮಳೆ ಅಂತ ಬರೆದಾಗ "ಚೆನ್ನಾಗಿದೆ ಸಾರ್" ಅಂತ ಕಾಮೆಂಟು ಹಾಕಿದ ಮಿತ್ರರೆಲ್ಲ ಇವತ್ತು ಬೈದರೂ ಬೇಜಾರಿಲ್ಲ. ವಿಷಯ ಕೀಲುಗಳದ್ದು. ಅಂದರೆ ವಯಸ್ಸಾದವರ ಮಂಡಿನೋವಲ್ಲ, ಹದಿನೆಂಟು ಇಪ್ಪತ್ತರ ಕಾಲೇಜು ಮಕ್ಕಳ ಕೀಲು. ಬೇಕಾದ್ದಕ್ಕಿಂತ ಹೆಚ್ಚು ಬಾಗುವ, ಸಡಿಲವಾದ ಕೀಲು.

ಡಾಕ್ಟರುಗಳು ಇದಕ್ಕೆ ಹೈಪರ್‌ಮೊಬಿಲಿಟಿ ಅನ್ನುತ್ತಾರೆ. ನಮ್ಮ ಕಡೆ ಹುಡುಗರು "ಡಬಲ್ ಜಾಯಿಂಟ್" ಅನ್ನುತ್ತಾರೆ. ಡಬಲ್ಲೂ ಇಲ್ಲ ಏನೂ ಇಲ್ಲ, ಎಲ್ಲರಿಗಿರುವಷ್ಟೇ ಕೀಲು. ಮೂಳೆ ಮೂಳೆಯನ್ನು ಹಿಡಿದಿಟ್ಟ ಲಿಗಮೆಂಟು ಸ್ವಲ್ಪ ಜಾಸ್ತಿ ಎಳೆಯುತ್ತದೆ, ಅಷ್ಟೆ. ಹೆಚ್ಚಿನವರಲ್ಲಿ ಇದು ಹುಟ್ಟಿನಿಂದಲೇ ಬಂದದ್ದು, ಮನೆತನದಲ್ಲಿ ಹರಿಯುವಂಥದ್ದು.

ಪರೀಕ್ಷೆ ಬಹಳ ಸುಲಭ. ಮೌಸ್ ಬಿಟ್ಟು ಕೈ ಚಾಚಿ (ಬಲವಂತ ಮಾಡಬೇಡಿ ಮತ್ತೆ, ಆಮೇಲೆ ನನ್ನನ್ನು ಬೈಯಬೇಡಿ). ಕಿರುಬೆರಳನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಬಾಗಿಸಿದರೆ 90 ಡಿಗ್ರಿ ದಾಟುತ್ತದೆಯೇ? ಮಣಿಕಟ್ಟು ಬಗ್ಗಿಸಿ ಹೆಬ್ಬೆರಳನ್ನು ಒತ್ತಿದರೆ ಮುಂಗೈಗೆ ತಾಗುತ್ತದೆಯೇ? ಮೊಣಕೈ ನೇರ ಮಾಡಿದಾಗ ನೇರಕ್ಕಿಂತ ಇನ್ನೂ 10 ಡಿಗ್ರಿ ಆಚೆ ಹೋಗುತ್ತದೆಯೇ? ಮಂಡಿಯೂ ಹಾಗೆಯೇ ಹಿಂದಕ್ಕೆ ಬಾಗುತ್ತದೆಯೇ? ಈ ನಾಲ್ಕಕ್ಕೂ ಎಡಕ್ಕೊಂದು ಬಲಕ್ಕೊಂದು ಅಂಕ, ಒಟ್ಟು ಎಂಟು. ಮಂಡಿ ಮಡಿಸದೆ ಬಗ್ಗಿ ಎರಡೂ ಅಂಗೈಯನ್ನು ಪೂರ್ತಿ ನೆಲಕ್ಕೆ ಊರಿದರೆ ಇನ್ನೊಂದು. ಒಂಬತ್ತಕ್ಕೆ ಎಷ್ಟು ಬಂತೋ ಅದು ನಿಮ್ಮ ಬೈಟನ್ ಸ್ಕೋರ್. ಗೋನಿಯೋಮೀಟರ್ ಅಂತ ಒಂದು ಕೋನ ಅಳೆಯುವ ಪಟ್ಟಿ ಬೇಕು, ಎರಡು ನಿಮಿಷ ಸಾಕು.

ಇಷ್ಟು ಸುಲಭ ಆಗಿರುವುದೇ ತೊಂದರೆಗೆ ಮೂಲ ಅಂತ ನನ್ನ ವಾದ. ಸುಲಭವಾಗಿ ಎಣಿಸಬಹುದಾದ್ದನ್ನೆಲ್ಲ ನಮ್ಮ ಜನ ಎಣಿಸುತ್ತಾರೆ. ಫಿಸಿಯೋಥೆರಪಿ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡಬೇಕು, ಟೈಮ್ ಕಡಿಮೆ, ದುಡ್ಡಿಲ್ಲ, ರೋಗಿಗಳನ್ನು ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಕೈಗೆ ಸಿಗುವವರು ಯಾರು? ಪಕ್ಕದ ಬೆಂಚಿನವರು, ಪಕ್ಕದ ಕಾಲೇಜಿನವರು. ಹಾಗಾಗಿ "ವಿದ್ಯಾರ್ಥಿಗಳಲ್ಲಿ ಹೈಪರ್‌ಮೊಬಿಲಿಟಿ ಎಷ್ಟು ಸಾಮಾನ್ಯ" ಅನ್ನುವ ಪ್ರಾಜೆಕ್ಟು ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಶೇಕಡಾ ಇಷ್ಟು ಅಂತ ಒಂದು ಪೈ ಚಾರ್ಟು. ವೈವಾ ಮುಗೀತು, ಬೈಂಡ್ ಆದ ಪುಸ್ತಕ ಲೈಬ್ರರಿ ಸೇರಿತು.

ನನಗೇಕೆ ಸಿಟ್ಟು ಅಂತ ಹೇಳುತ್ತೇನೆ ಕೇಳಿ. ನಮ್ಮಕ್ಕನ ಮಗಳು ಬಸವೇಶ್ವರನಗರದಲ್ಲಿರುತ್ತಾಳೆ, ಮೈಸೂರು ರಸ್ತೆ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಾಳೆ (ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ). ಮೊದಲ ವರ್ಷದಲ್ಲಿದ್ದಾಗ ಅವಳ ಕ್ಲಾಸಿಗೆ ನಾಲ್ಕು ಜನ ಹುಡುಗ ಹುಡುಗಿಯರು ಬಂದರಂತೆ. ಫಾರಂಗೆ ಸೈನ್ ಹಾಕಿಸಿಕೊಂಡರು, ಬೆರಳು ಬಾಗಿಸಿದರು, ಮಂಡಿ ನೋಡಿದರು, 7/9 ಅಂತ ಬರೆದುಕೊಂಡರು. "ವಾವ್, ಸೂಪರ್ ಫ್ಲೆಕ್ಸಿಬಲ್ ಕಣೇ ನೀನು" ಅಂದರು. ಹೋದರು. ಅಷ್ಟೇ.

ಆಮೇಲೆ ಒಂದೇ ವರ್ಷದಲ್ಲಿ ಆ ಹುಡುಗಿಗೆ ಮೂರು ಸಲ ಕಾಲು ಉಳುಕಿತು. ಒಂದು ಸಲ ವಿಜಯನಗರ ಮೆಟ್ರೋ ಮೆಟ್ಟಿಲಲ್ಲಿ, ಇನ್ನೊಂದು ಸಲ ಫುಟ್‌ಪಾತಿನ ಕಲ್ಲು ಎದ್ದ ಕಡೆ. ಮೂರನೆಯದು ಮನೆಯ ಹಾಲಿನಲ್ಲಿ, ಸುಮ್ಮನೆ ನಡೆಯುತ್ತಾ! ನರ್ಸಿಂಗ್ ಹೋಮೊಂದಕ್ಕೆ ಕರೆದುಕೊಂಡು ಹೋದರು. ಎಕ್ಸ್‌ರೇ ನಾರ್ಮಲ್, ರಕ್ತ ನಾರ್ಮಲ್, ಕ್ಯಾಲ್ಸಿಯಂ ಮಾತ್ರೆ, "ಹೀಲ್ಸ್ ಹಾಕಬೇಡಮ್ಮಾ". ಅವಳು ಹೀಲ್ಸ್ ಹಾಕಿಯೇ ಗೊತ್ತಿಲ್ಲ. ಅಜ್ಜಿ ದೃಷ್ಟಿ ತೆಗೆದರು. ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಅಂದರು, ಅದೂ ಆಯಿತು. ಕಟ್ಟು ಹಾಕಿಸಿಕೊಂಡು ವಾರಗಟ್ಟಲೆ ಮಲಗಿದ್ದರಿಂದ ಮೊದಲೇ ಸಡಿಲವಿದ್ದ ಕಾಲಿಗೆ ಇದ್ದ ಚೂರು ಸ್ನಾಯುಬಲವೂ ಹೋಯಿತು. ಕೊನೆಗೆ ಮಾವನಾದ ನನ್ನ ಹತ್ತಿರ ಬಂದು "ಮಾಮ, ನಾನು ನಾಟಕ ಮಾಡ್ತೀನಿ ಅಂತಾರೆ ಎಲ್ರೂ" ಅಂದಳು.

ಅವಳ ಸ್ಕೋರು ಒಂದು ಕಡೆ ಬರೆದಿಟ್ಟಿತ್ತು ಸ್ವಾಮಿ! ಯಾವುದೋ ಎಕ್ಸೆಲ್ ಶೀಟಿನಲ್ಲಿ ಒಂದು ಸಾಲಾಗಿ ಕೂತಿತ್ತು. ಅವಳಿಗೆ ಮಾತ್ರ ಅದರ ಅರ್ಥ ಯಾರೂ ಹೇಳಲಿಲ್ಲ. ವಿಜಯನಗರದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ "ಚಿಕ್ಕವಳಿದ್ದಾಗಿನಿಂದ ಹೀಗೇ ಬಾಗ್ತೀಯೇನಮ್ಮಾ?" ಅಂತ ಕೇಳುವವರೆಗೆ.

ಸರಿ, ಈಗ ಸಂಖ್ಯೆಗೆ ಬರೋಣ. ಬೈಟನ್ ಎಂಬಾತ ತನ್ನ ಸಂಗಡಿಗರಾದ ಸಾಲೊಮನ್, ಸೊಸ್ಕೋಲ್ನ್ ಜೊತೆ ಈ ಒಂಬತ್ತರ ಲೆಕ್ಕವನ್ನು ಪ್ರಕಟಿಸಿದ್ದು 1973ರಲ್ಲಿ. ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ ತ್ಸ್ವಾನಾ ಜನರ ಕೀಲುಗಳನ್ನು ನೋಡಿದ ಅಧ್ಯಯನ ಅದು. ಕಾರ್ಟರ್ ಮತ್ತು ವಿಲ್ಕಿನ್ಸನ್ 1964ರಲ್ಲಿ ಮಾಡಿದ್ದ ಹಳೆಯ ಪಟ್ಟಿಯನ್ನು ತಿದ್ದಿ ಮಾಡಿದ್ದು. ಗಮನಿಸಿ, ಊರಿಗೆ ಊರನ್ನೇ ಬೇಗ ಬೇಗ ನೋಡಿ ಮುಗಿಸಲು ಅನುಕೂಲವಾಗಲಿ ಅಂತ ಮಾಡಿದ ಅಳತೆ ಇದು. ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ನಿನಗೆ ಕಾಯಿಲೆ ಇದೆ, ಇಲ್ಲ ಅಂತ ತೀರ್ಪು ಕೊಡಲು ಮಾಡಿದ್ದಲ್ಲ. ಅದರಲ್ಲಿ ಭುಜ ಇಲ್ಲ, ಸೊಂಟದ ಕೀಲು ಇಲ್ಲ, ಪಾದದ ಕೀಲೂ ಇಲ್ಲ. ಉಳುಕುವುದು ಯಾವುದು? ಪಾದ. ಜಾರುವುದು ಯಾವುದು? ಭುಜ. ಅಳೆಯುವುದು ಯಾವುದು? ಕಿರುಬೆರಳು!

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಎಣಿಸಿದ ಪ್ರಸಿದ್ಧ ಲೆಕ್ಕ ಇರಾಕಿನದು. 1985ರಲ್ಲಿ ಪ್ರಕಟವಾಯಿತು. 20ರಿಂದ 24 ವಯಸ್ಸಿನ 1774 ವಿದ್ಯಾರ್ಥಿಗಳು. ಹುಡುಗರಲ್ಲಿ ಶೇಕಡಾ 25.4, ಹುಡುಗಿಯರಲ್ಲಿ ಶೇಕಡಾ 38.5 ಮಂದಿಗೆ ಕೀಲು ಸಡಿಲ. ನಮ್ಮ ದೇಶದ್ದೇ ಬೇಕು ಅಂದರೆ ಮುಂಬೈನ ಮಕ್ಕಳ ಮೇಲಿನ 2008ರ ಅಧ್ಯಯನವಿದೆ, ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಟ್ಟಿಗೆ ಸೇರಿದರು. ಏಷ್ಯಾ, ಆಫ್ರಿಕಾದವರಲ್ಲಿ ಯುರೋಪಿನವರಿಗಿಂತ ಹೆಚ್ಚು, ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು, ವಯಸ್ಸಾದಂತೆ ಕಡಿಮೆ. ಇದು ಎಲ್ಲರೂ ಒಪ್ಪುವ ಮಾತು.

ಆ 38.5 ಅನ್ನು ರಾಜಾಜಿನಗರದ ಒಂದು ಮಹಿಳಾ ಕಾಲೇಜಿಗೆ ಹಾಕಿ ನೋಡಿ. 60 ಹುಡುಗಿಯರ ಕ್ಲಾಸಿನಲ್ಲಿ 23 ಜನ. ಇಷ್ಟು ಜನ "ಅಸಹಜ" ಅನ್ನುವುದಾದರೆ ಸಹಜ ಅಂದರೆ ಏನ್ರೀ? ಇನ್ನೊಂದು ತಮಾಷೆ ಕೇಳಿ. ಒಂಬತ್ತಕ್ಕೆ ನಾಲ್ಕು ಬಂದರೆ ಸಾಕು ಅಂತ ಕೆಲವರು, ಐದು ಬೇಕು ಅಂತ ಕೆಲವರು, ಆರು ಅಂತ ಮತ್ತೆ ಕೆಲವರು. 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಹದಿಹರೆಯ ದಾಟದ ಮಕ್ಕಳಿಗೆ ಆರು, ಅಲ್ಲಿಂದ ಐವತ್ತು ವರ್ಷದವರೆಗೆ ಐದು, ಐವತ್ತು ದಾಟಿದವರಿಗೆ ನಾಲ್ಕು ಅಂತ ಹೇಳಿದರು. ಗೆರೆಯನ್ನು ನಾಲ್ಕರಿಂದ ಐದಕ್ಕೆ ಸರಿಸಿದರೆ ನಿಮ್ಮ ಪೈ ಚಾರ್ಟಿನ ತುಂಡು ರಾತ್ರೋರಾತ್ರಿ ಸಣ್ಣದಾಗುತ್ತದೆ. ಯಾರ ಕೀಲೂ ಬದಲಾಗಿಲ್ಲ, ಯಾರ ನೋವೂ ಕಡಿಮೆಯಾಗಿಲ್ಲ.

ಈಗ ಈ ಸಂಖ್ಯೆಯನ್ನು ಹಿಡಿದುಕೊಂಡು ಎರಡು ಪಂಗಡದವರು ಬರುತ್ತಾರೆ. ಒಂದು ಪಂಗಡ "ಅಯ್ಯೋ, ಮೂರರಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೀಲು ರೋಗ!" ಅಂತ ಬೊಬ್ಬೆ ಹಾಕುವವರು. ಇವರ ಮಾತು ಕೇಳಿ ಆರಾಮಾಗಿ ಓಡಾಡಿಕೊಂಡಿದ್ದ ಹುಡುಗಿ ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ರೋಗಿಯಾಗುತ್ತಾಳೆ. ಇದು ತಪ್ಪು, ಶುದ್ಧ ತಪ್ಪು. ಕೀಲು ಸಡಿಲ ಇರುವ ಬಹುಪಾಲು ಜನಕ್ಕೆ ಏನೂ ತೊಂದರೆ ಇರುವುದಿಲ್ಲ, ಕೆಲವರಿಗೆ ಅದು ಲಾಭವೇ. 1993ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 660 ಸಂಗೀತಗಾರರ ಅಧ್ಯಯನ ಬಂತು. ಮಣಿಕಟ್ಟು ಸಡಿಲ ಇದ್ದ 96 ಜನರಲ್ಲಿ ಅಲ್ಲಿ ನೋವು, ಬಿಗಿತ ಇದ್ದದ್ದು 5 ಜನಕ್ಕೆ ಮಾತ್ರ. ಸಡಿಲ ಇಲ್ಲದ 564 ಜನರಲ್ಲಿ 100 ಜನಕ್ಕೆ. ಪಿಟೀಲು, ಕೊಳಲು, ಪಿಯಾನೋ ನುಡಿಸುವವರಿಗೆ ಬಾಗುವ ಕೈ ಒಂದು ವರ. ಅದೇ ಅಧ್ಯಯನದಲ್ಲಿ ಮಂಡಿ, ಬೆನ್ನು ಸಡಿಲ ಇದ್ದವರ ಕಥೆ ಉಲ್ಟಾ ಇತ್ತು. ನಿಂತು ನುಡಿಸುವವರಿಗೆ ಅದು ಶಾಪ. ಒಂದೇ ಗುಣ, ಯಾವ ಕೀಲು, ಯಾವ ಕೆಲಸ ಅನ್ನುವುದರ ಮೇಲೆ ವರವೂ ಹೌದು ಶಾಪವೂ ಹೌದು. ಒಟ್ಟು ಸ್ಕೋರು ಕೂಡಿ ಬರೆದ ಪ್ರಾಜೆಕ್ಟಿನಲ್ಲಿ ಇದು ಕಾಣುತ್ತದೆಯೇ?

ಇನ್ನೊಂದು ಪಂಗಡ ನನಗೆ ಇನ್ನೂ ಹೆಚ್ಚು ಸಿಟ್ಟು ಬರಿಸುವುದು. "ಎಲ್ಲರಿಗೂ ಇರುತ್ತೆ ಬಿಡಮ್ಮ, ಇದು ತುಂಬಾ ಕಾಮನ್ನು" ಅನ್ನುವವರು. ಕಾಮನ್ ಅಂದ ಮಾತ್ರಕ್ಕೆ ನೋವಿಲ್ಲ ಅಂತ ಎಲ್ಲಿ ಬರೆದಿದೆ? ನೆಗಡಿ ಕಾಮನ್ನು, ಹಲ್ಲುನೋವು ಕಾಮನ್ನು, ಹೆರಿಗೆ ಕೂಡಾ ಕಾಮನ್ನೇ! ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಸಂಖ್ಯೆಯೇ ದೊಡ್ಡದಾಗಿ ಮನುಷ್ಯ ಸಣ್ಣವನಾಗಿಬಿಟ್ಟಿದ್ದಾನೆ. ಆ 23 ಹುಡುಗಿಯರಲ್ಲಿ ಹೆಚ್ಚಿನವರಿಗೆ ಏನೂ ಇಲ್ಲದಿರಬಹುದು. ಆದರೆ ಅವರ ನಡುವೆ ಒಬ್ಬಳಿಗೆ ಭುಜ ಜಾರುತ್ತಿರಬಹುದು, ಇನ್ನೊಬ್ಬಳಿಗೆ ಸಂಜೆಯಾಗುವಷ್ಟರಲ್ಲಿ ನಿಲ್ಲಲು ಆಗದಷ್ಟು ಸುಸ್ತು, ಎದ್ದು ನಿಂತರೆ ತಲೆಸುತ್ತು. ಇವಳನ್ನು ಹುಡುಕುವುದಕ್ಕೇ ಅಲ್ಲವೇ ಎಣಿಸುವುದು? ಇಲ್ಲದಿದ್ದರೆ ಯಾಕ್ರೀ ಎಣಿಸ್ತೀರಿ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿದೆ. ಈ ಮಕ್ಕಳಿಗೆ ಅವರ ಪ್ರತಿಭೆಯೇ ಅವರ ವಿರುದ್ಧ ಸಾಕ್ಷಿ. ಬಸವೇಶ್ವರನಗರದಲ್ಲಾಗಲಿ ರಾಜಾಜಿನಗರದಲ್ಲಾಗಲಿ ಕ್ರಾಸಿಗೊಂದು ಭರತನಾಟ್ಯ ಶಾಲೆ, ಪಾರ್ಕಿಗೊಂದು ಯೋಗದ ಕ್ಲಾಸು. ಎಲ್ಲಕ್ಕಿಂತ ಚೆನ್ನಾಗಿ ಬಾಗುವ ಹುಡುಗಿಯನ್ನು ಮುಂದಿನ ಸಾಲಿಗೆ ನಿಲ್ಲಿಸುತ್ತಾರೆ. ಯೋಗ ಸ್ಪರ್ಧೆಗೆ ಕಳಿಸುತ್ತಾರೆ, ಇನ್ನೂ ಬಾಗು, ಇನ್ನೂ ಬಾಗು ಅಂತ ಬೆನ್ನ ಮೇಲೆ ಕೈಯಿಟ್ಟು ಒತ್ತುತ್ತಾರೆ. ಮೆಡಲ್ ಬರುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ನಾಳೆ ಅವಳು ಬೆನ್ನುನೋವು ಅಂದರೆ "ಚಕ್ರಾಸನ ಹಾಕೋಳಿಗೆ ಬೆನ್ನುನೋವಾ?" ಅಂತ ನಗುತ್ತಾರೆ. ಬಾಗುವುದು ಬೇರೆ, ಬಲ ಬೇರೆ. ಈ ದೇಹಕ್ಕೆ ಎಳೆತ ಬೇಕಾಗಿಲ್ಲ, ಹಿಡಿತ ಬೇಕು. ಬಾಗುವುದರ ಕೊನೆಯವರೆಗೆ ಹೋಗದೆ, ಸ್ವಲ್ಪ ಮೊದಲೇ ನಿಂತು, ಸ್ನಾಯು ಬಿಗಿ ಹಿಡಿದು ಅಲ್ಲೇ ಇರುವುದನ್ನು ಕಲಿಸಬೇಕು. ಯೋಗ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬಾಗದವನಿಗೆ ಹೇಳುವ ಪಾಠವನ್ನೇ ಜಾಸ್ತಿ ಬಾಗುವವಳಿಗೂ ಹೇಳಬೇಡಿ ಅಂತ ಹೇಳುತ್ತಿದ್ದೇನೆ.

(ಒಂದು ಅಡ್ಡಮಾತು. ಇದೆಲ್ಲ ಈಗಿನ ಕಾಲದ ಹುಡುಗಿಯರ ಖಾಯಿಲೆ ಅನ್ನುವ ಹಿರಿಯರಿಗೆ ಹೇಳುವುದು ಏನೆಂದರೆ, ಸುಮಾರು ಎರಡು ಸಾವಿರದ ನಾನೂರು ವರ್ಷದ ಹಿಂದೆ ಗ್ರೀಸಿನ ಹಿಪ್ಪೋಕ್ರಟಿಸ್ ಹೆಸರಿನಲ್ಲಿರುವ ಬರಹದಲ್ಲೇ ಸಿಥಿಯನ್ನರ ಕೀಲು ಸಡಿಲ, ಅದರಿಂದ ಬಿಲ್ಲು ಎಳೆಯಲು ಅವರಿಗೆ ಆಗುವುದಿಲ್ಲ ಎಂಬ ಮಾತಿದೆ. ಅವರು ಯೋಧರು, ಇನ್‌ಸ್ಟಾಗ್ರಾಂ ನೋಡಿದವರಲ್ಲ :) )

ಇನ್ನು ಪರೀಕ್ಷೆಯ ವಿಷಯ. ಇದನ್ನು ಬ್ಲಾಗ್ ಮಿತ್ರರಲ್ಲಿ ಮೇಷ್ಟರಾಗಿರುವವರು ಸ್ವಲ್ಪ ಗಮನ ಕೊಟ್ಟು ಓದಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಎರಡೂವರೆ ಮೂರು ಗಂಟೆ ಪೆನ್ನು ಹಿಡಿದು ಬರೆಯಬೇಕು. ಬೆರಳ ಕೀಲು ಸಡಿಲ ಇರುವವರು ಪೆನ್ನು ಹಿಡಿದಾಗ ತುದಿ ಕೀಲು ಒಳಕ್ಕೆ ಬಾಗಿ ಹೋಗುತ್ತದೆ. ಪೆನ್ನು ಜಾರದಿರಲಿ ಅಂತ ಅವರು ಗಟ್ಟಿಯಾಗಿ ಹಿಸುಕುತ್ತಾರೆ. ಒಂದು ಗಂಟೆಯಲ್ಲಿ ಹೆಬ್ಬೆರಳ ಬುಡ ಉರಿಯುತ್ತದೆ, ಎರಡನೇ ಗಂಟೆಗೆ ಅಕ್ಷರ ಕಾಗೆ ಕಾಲಾಗುತ್ತದೆ. ಮೌಲ್ಯಮಾಪನ ಮಾಡುವವರು "ಓದಿಲ್ಲ, ಕೊನೆಯ ಪ್ರಶ್ನೆ ಬಿಟ್ಟಿದ್ದಾನೆ" ಅಂದುಕೊಳ್ಳುತ್ತಾರೆ.

ಇದಕ್ಕೆ ದಾರಿಯೇ ಇಲ್ಲ ಅಂತಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಶೇಕಡಾ 40ರಷ್ಟು ಅಂಗವೈಕಲ್ಯ ಇದ್ದವರಿಗೆ ಮಾತ್ರ ಬರಹಗಾರರನ್ನು ಕೊಡುತ್ತೇವೆ ಅನ್ನುವುದು ಸರಿಯಲ್ಲ ಅಂತ. ಆ ಅಭ್ಯರ್ಥಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ, ಕೀಲಿನದ್ದಲ್ಲ, ಆದರೆ ನ್ಯಾಯ ಅದೇ. ಅದರ ಬೆನ್ನಿಗೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಶೇಕಡಾ 40ಕ್ಕಿಂತ ಕಡಿಮೆ ಅಂಗವೈಕಲ್ಯ ಇದ್ದು ಬರೆಯಲು ಕಷ್ಟಪಡುವವರಿಗಾಗಿ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ ಕಡಿಮೆಯೆಂದರೆ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಸರ್ಕಾರಿ ವೈದ್ಯರ ಸಮಿತಿಯ ಸರ್ಟಿಫಿಕೇಟು ಬೇಕು, ಅದೇನು ಸುಲಭವಲ್ಲ. ಕೀಲು ಬಾಗುವ ಎಲ್ಲರಿಗೂ ಕೊಡಿ ಅಂತಲೂ ನಾನು ಹೇಳುವುದಿಲ್ಲ, ಕೊಟ್ಟರೆ ಅದು ನಗೆಪಾಟಲು. ನಿಜವಾಗಿ ಬರೆಯಲಾಗದವಳು ಅರ್ಜಿ ಹಾಕಬೇಕು ಅಂದರೆ ಮೊದಲು ತನಗೆ ಏನಾಗಿದೆ ಅಂತ ಅವಳಿಗೆ ಗೊತ್ತಿರಬೇಕಲ್ಲ? ದಪ್ಪ ಹಿಡಿಯ ಪೆನ್ನು ಸಾಕಾದೀತೋ, ಬೆರಳಿಗೆ ಸ್ಪ್ಲಿಂಟು ಬೇಕೋ, ಸಮಯ ಬೇಕೋ, ಯಾರಾದರೂ ಕೂತು ನೋಡಬೇಕಲ್ಲ?

ಅಡ್ಮಿಷನ್ ಟೈಮಿನಲ್ಲಿ ನಮ್ಮ ಕಾಲೇಜುಗಳು ಮೆಡಿಕಲ್ ಫಿಟ್‌ನೆಸ್ ಅಂತ ಒಂದು ಕಾಗದ ಕೇಳುತ್ತವೆ. ಎತ್ತರ, ತೂಕ, ಕಣ್ಣು, ಬ್ಲಡ್ ಗ್ರೂಪು. ಎಷ್ಟೋ ಕಡೆ ಡಾಕ್ಟರು ಮುಖ ನೋಡದೆ ಸೀಲು ಹೊಡೆಯುತ್ತಾರೆ. ಆ ಕಾಗದಕ್ಕೆ ನಾಲ್ಕು ಪ್ರಶ್ನೆ ಸೇರಿಸಲು ಎಷ್ಟು ಖರ್ಚಾದೀತು? ಹಕೀಂ ಮತ್ತು ಗ್ರಹಾಂ ಎಂಬ ಬ್ರಿಟಿಷ್ ವೈದ್ಯರು 2003ರಲ್ಲೇ ಕೇವಲ ಬಾಯಲ್ಲಿ ಕೇಳುವ ಐದು ಪ್ರಶ್ನೆ ಮಾಡಿಟ್ಟಿದ್ದಾರೆ. ಈಗಲೋ ಹಿಂದೆಯೋ ಅಂಗೈ ನೆಲಕ್ಕೆ ಊರುತ್ತಿದ್ದೆಯಾ, ಹೆಬ್ಬೆರಳು ಮುಂಗೈಗೆ ತಾಗುತ್ತಿತ್ತಾ, ಚಿಕ್ಕಂದಿನಲ್ಲಿ ಮೈ ತಿರುಚಿ ಗೆಳೆಯರನ್ನು ನಗಿಸುತ್ತಿದ್ದೆಯಾ, ಭುಜವೋ ಮಂಡಿ ಚಿಪ್ಪೋ ಒಂದಕ್ಕಿಂತ ಹೆಚ್ಚು ಸಲ ಜಾರಿತ್ತಾ, ನೀನು ಡಬಲ್ ಜಾಯಿಂಟ್ ಅಂತ ನಿನಗೇ ಅನ್ನಿಸುತ್ತದಾ. ಎರಡಕ್ಕೆ ಹೌದು ಅಂದರೆ ಕೀಲು ಸಡಿಲ ಇರುವ ಸಾಧ್ಯತೆ ಹೆಚ್ಚು. ನಾನು ಇದಕ್ಕೆ ಆರನೆಯದೊಂದು ಸೇರಿಸುತ್ತೇನೆ: ನೋವಿದೆಯಾ? ಅದಕ್ಕೆ ಹೌದು ಅಂದವರನ್ನು ಮಾತ್ರ ಡಾಕ್ಟರ ಹತ್ತಿರ ಕಳಿಸಿ.

"ಕೇಳಿದರೆ ಎಲ್ಲರೂ ನೋವು ಅಂತಾರೆ ಸಾರ್" ಅಂತ ಒಬ್ಬ ಉಪನ್ಯಾಸಕ ಮಿತ್ರರು ವಾದ ಮಾಡಿದರು. ಎಲ್ಲರೂ ಅನ್ನಲಿ ಬಿಡಿ. ಕಣ್ಣು ಮಂಜಾ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ ಅಂತ ಯಾರಾದರೂ ಕಣ್ಣು ಪರೀಕ್ಷೆ ನಿಲ್ಲಿಸಿದ್ದಾರಾ? ಕೇಳಿದ ಮೇಲೆ ನೋಡುವುದು ವೈದ್ಯರ ಕೆಲಸ. ಅವರು ನೋಡಬೇಕಾದ್ದು ಬೇರೆಯೂ ಇದೆ. ಸಡಿಲ ಕೀಲಿನ ಹಿಂದೆ ಅಪರೂಪಕ್ಕೆ ಮಾರ್ಫಾನ್, ಎಹ್ಲರ್ಸ್ ಡ್ಯಾನ್ಲೋಸ್ ಥರದ ಕಾಯಿಲೆಗಳು ಇರುತ್ತವೆ, ಕೆಲವದರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೇ ಅಪಾಯ. ಎಹ್ಲರ್ಸ್ ಡ್ಯಾನ್ಲೋಸ್‌ನಲ್ಲೇ 13 ವಿಧ ಅಂತ 2017ರಲ್ಲಿ ಪಟ್ಟಿ ಮಾಡಿದರು, ಅದರಲ್ಲಿ ಹೆಚ್ಚಾಗಿ ಕಾಣುವ ಕೀಲು ಸಡಿಲದ ವಿಧಕ್ಕೆ ಮಾತ್ರ ರಕ್ತಪರೀಕ್ಷೆಯಲ್ಲಿ ಹಿಡಿಯುವ ಜೀನ್ ಇನ್ನೂ ಸಿಕ್ಕಿಲ್ಲ. ಅಂದರೆ ಲ್ಯಾಬ್ ರಿಪೋರ್ಟ್ ನಾರ್ಮಲ್ ಅಂತ ಹೇಳಿ ಕಳಿಸುವುದು ಉತ್ತರವೇ ಅಲ್ಲ. ಮುಟ್ಟಿ, ಬಾಗಿಸಿ, ಮನೆಯವರ ಕಥೆ ಕೇಳಿ ತಿಳಿಯಬೇಕು.

ಚಿಕಿತ್ಸೆಯೇನು ದೊಡ್ಡ ಆಪರೇಷನ್ ಅಲ್ಲ. ಲಿಗಮೆಂಟನ್ನು ಬಿಗಿ ಮಾಡುವ ಮಾತ್ರೆ ಯಾವುದೂ ಇಲ್ಲ, ಯಾರಾದರೂ ಮಾರಿದರೆ ಕೊಳ್ಳಬೇಡಿ. ಕೀಲಿನ ಸುತ್ತಲ ಸ್ನಾಯು ಬಲಪಡಿಸುವುದು, ಒಂಟಿ ಕಾಲಿನಲ್ಲಿ ನಿಂತು ಸಮತೋಲ ಕಲಿಯುವುದು, ಒಂದೇ ದಿನ ಎಲ್ಲ ಮಾಡಿ ಎರಡು ದಿನ ಮಲಗುವ ಅಭ್ಯಾಸ ಬಿಡುವುದು. ನಮ್ಮಕ್ಕನ ಮಗಳು ಆರು ತಿಂಗಳಿಂದ ಬೆಳಿಗ್ಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತಾಳೆ, ಕೊಕ್ಕರೆ ಅಂತ ತಮ್ಮ ಆಡಿಕೊಳ್ಳುತ್ತಾನೆ. ಪವಾಡವೇನೂ ಆಗಿಲ್ಲ. ಆರು ತಿಂಗಳಲ್ಲಿ ಒಂದು ಸಲ ಉಳುಕಿದೆ. ನಾಟಕ ಅನ್ನುವವರು ಬಾಯಿ ಮುಚ್ಚಿದ್ದಾರೆ, ಅವಳಿಗೆ ಅದೇ ದೊಡ್ಡ ಔಷಧಿ ಆಗಿರುವಂತಿದೆ.

ಈ ಕೆಲಸ ಮಾಡಿಸಿದ್ದೂ ಫಿಸಿಯೋಥೆರಪಿಸ್ಟೇ ಅನ್ನುವುದನ್ನು ಮರೆತಿಲ್ಲ. ಅದಕ್ಕೇ ಆ ವಿದ್ಯೆಯ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಎಣಿಕೆಗೆ ಇಳಿಸಿದ ಗೈಡುಗಳ ಮೇಲೆ ಸಿಟ್ಟು. ಇನ್ನೊಂದು ನೂರು ಜನರ ಕಿರುಬೆರಳು ಬಾಗಿಸುವ ಬದಲು, ಹೋದ ವರ್ಷ ಎಣಿಸಿದ ನೂರು ಜನರ ಹತ್ತಿರವೇ ಈ ವರ್ಷ ಮತ್ತೆ ಹೋಗಿ. ಯಾರಿಗೆ ಉಳುಕಿತು, ಯಾರು ಡ್ಯಾನ್ಸ್ ಬಿಟ್ಟರು, ಯಾರು ಪರೀಕ್ಷೆಯಲ್ಲಿ ಪೇಪರ್ ಮುಗಿಸಲಾಗಲಿಲ್ಲ ಅಂತ ಕೇಳಿ. ಅರ್ಧ ಜನಕ್ಕೆ ವ್ಯಾಯಾಮ ಕಲಿಸಿ, ವ್ಯತ್ಯಾಸ ನೋಡಿ. ಅದು ಪ್ರಾಜೆಕ್ಟು. ಉಳಿದದ್ದು ಜನಗಣತಿ.

ಫಿಸಿಯೋ ಓದುತ್ತಿರುವ, ಪಾಠ ಮಾಡುತ್ತಿರುವ ಬ್ಲಾಗ್ ಮಿತ್ರರು ಇಬ್ಬರು ಮೂವರು ಇಲ್ಲಿ ಬಂದು ಹೋಗುತ್ತೀರಿ ಅಂತ ಗೊತ್ತು. ಬೈಯುವುದಿದ್ದರೆ ಕೆಳಗೆ ಜಾಗ ಇದೆ, ಧಾರಾಳವಾಗಿ ಬೈಯಿರಿ, ಡಿಲೀಟ್ ಮಾಡುವುದಿಲ್ಲ. ಒಂದೇ ಷರತ್ತು. ನೀವು ಎಣಿಸಿದವರಲ್ಲಿ ಎಷ್ಟು ಜನಕ್ಕೆ ಅವರವರ ಸ್ಕೋರು ಹೇಳಿ, ಅದರ ಅರ್ಥ ತಿಳಿಸಿ ಕಳಿಸಿದಿರಿ? ಆ ಸಂಖ್ಯೆಯನ್ನೂ ಕಾಮೆಂಟಿನಲ್ಲಿ ಬರೆಯಿರಿ.